ಓದಿ ಹೇಳಿ, ನಡುವೆ ನಿಲ್ಲಿಸಿ ಮಾತಾಡಿ

ಮಗು ಎರಡನೇ ತರಗತಿಗೆ ಬಂದರೂ ಒತ್ತಕ್ಷರದ ಬಳಿ ತಡವರಿಸುತ್ತಿದೆಯೇ? ಗಾಬರಿ ಬೇಡ. ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ ಕಾಗುಣಿತ, ಒತ್ತು ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಅವೆಲ್ಲ ಕೈವಶವಾಗಲು ಕೆಲವು ವರ್ಷಗಳೇ ಬೇಕು. ಅಲ್ಲಿಯವರೆಗೆ ಕಥೆ ಕಾಯಬೇಕಿಲ್ಲ. ದಿನವೂ ಹತ್ತು ನಿಮಿಷ, ಸಾಲಿನ ಕೆಳಗೆ ಬೆರಳಾಡಿಸುತ್ತಾ ನೀವೇ ಗಟ್ಟಿಯಾಗಿ ಓದಿ. ಹೊಸ ಪದ ಬಂದಾಗ ಅರ್ಥ ಬರೆಸಬೇಡಿ. 'ಕಣಜ' ಎಂದು ಬಂದರೆ, ಅದರಲ್ಲಿ ಏನೇನು ತುಂಬಿಡಬಹುದು ಎಂದು ಕೇಳಿ. ಮರುದಿನ ಊಟದ ಹೊತ್ತಿನಲ್ಲಿ ಅದೇ ಪದವನ್ನು ಮಾತಿಗೆ ತನ್ನಿ. ಬೇರೆ ಬೇರೆ ಸಂದರ್ಭದಲ್ಲಿ ಮತ್ತೆ ಮತ್ತೆ ಎದುರಾದಾಗಲೇ ಪದ ಮನಸ್ಸಿನಲ್ಲಿ ಉಳಿಯುವುದು. ಮನೆಮಾತು ತುಳುವೋ ಉರ್ದುವೋ ಆಗಿದ್ದರೆ ಅದರಲ್ಲೇ ವಿವರಿಸಿ, ನಷ್ಟವೇನೂ ಇಲ್ಲ. ಪುಸ್ತಕ ಕೊಳ್ಳುವುದು ಕಷ್ಟವೆನಿಸಿದರೆ, ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಹಂತವಾರಾಗಿ, ಉಚಿತವಾಗಿ ಸಿಗುತ್ತವೆ. ಮೊದಲ ಹಂತದಿಂದಲೇ ಶುರುಮಾಡಿ.