ಹವ್ಯಾಸಿ ರೇಡಿಯೋ: ಲಂಬ ಆಂಟೆನಾಗಳ ತುಲನೆ

2004ರ ಡಿಸೆಂಬರ್ 26ರಂದು ಸುನಾಮಿಯಿಂದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ದೂರಸಂಪರ್ಕ ವ್ಯವಸ್ಥೆ ಅಸ್ತವ್ಯಸ್ತಗೊಂಡಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಹವ್ಯಾಸಿ ರೇಡಿಯೋ ಬಳಕೆದಾರರು ಮುಖ್ಯಭೂಮಿಗೆ ಸಂದೇಶಗಳನ್ನು ಮುಟ್ಟಿಸಿದರು. ಇಂತಹ ಸಮಯದಲ್ಲಿ ಪ್ರೇಷಕ ಯಂತ್ರದಷ್ಟೇ ಆಂಟೆನಾ ಕೂಡ ಮುಖ್ಯವಾಗುತ್ತದೆ. ನಗರದ ಇಕ್ಕಟ್ಟಾದ ತಾರಸಿಗೆ ಹೊಂದುವುದು ಲಂಬ ಆಂಟೆನಾ. ಅದು ಕಡಿಮೆ ಜಾಗದಲ್ಲಿ ನಿಂತು ಎಲ್ಲ ದಿಕ್ಕುಗಳಿಗೂ ಸಮನಾಗಿ ತರಂಗಗಳನ್ನು ಬೀರುತ್ತದೆ.

ಇವುಗಳಲ್ಲಿ ಸರಳವಾದುದು ಕಾಲು ತರಂಗದ ಆಂಟೆನಾ. 71ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಅದರ ಎತ್ತರ ಮೀಟರ್‌ಗಳಲ್ಲಿ ದೊರೆಯುತ್ತದೆ: 7.1 ಮೆಗಾಹರ್ಟ್ಸ್‌ಗೆ ಸುಮಾರು 10 ಮೀಟರ್, 14.2ಕ್ಕೆ 5 ಮೀಟರ್. ಆದರೆ ಕಣ್ಣಿಗೆ ಕಾಣುವ ಈ ಕಂಬ ಆಂಟೆನಾದ ಅರ್ಧ ಭಾಗ ಮಾತ್ರ. ಉಳಿದರ್ಧವನ್ನು ನೆಲ ಅಥವಾ ಬುಡದಲ್ಲಿ ಹರಡಿದ ತಂತಿಗಳು ಒದಗಿಸಬೇಕು.

ಅನೇಕರು ಎಡವುವುದು ಇಲ್ಲಿಯೇ. ಈ ಆಂಟೆನಾದ ವಿಕಿರಣ ರೋಧ ಸುಮಾರು 36 ಓಮ್. ನೆಲದ ನಷ್ಟರೋಧ 14 ಓಮ್ ಇದ್ದರೆ ಒಟ್ಟು 50 ಓಮ್ ಆಗಿ, ಕೇಬಲ್‌ಗೆ ಸರಿಹೊಂದಿ, ಸ್ಥಾಯಿ ತರಂಗದ ಮಾಪಕ ಅತ್ಯುತ್ತಮ ಅಂಕಿಯನ್ನೇ ತೋರಿಸುತ್ತದೆ. ಆದರೂ 100 ವಾಟ್‌ಗಳಲ್ಲಿ 28 ವಾಟ್ ಮಣ್ಣನ್ನು ಬಿಸಿಮಾಡಲು ವ್ಯಯವಾಗುತ್ತಿರುತ್ತದೆ! ತಂತಿಗಳನ್ನು ಹೆಚ್ಚಿಸಿದಾಗ ಮಾಪಕದ ಅಂಕಿ ಕೊಂಚ ಕೆಡಬಹುದು. ಸಂಕೇತ ಮಾತ್ರ ಬಲಗೊಳ್ಳುತ್ತದೆ. ತಾರಸಿಯ ಕಾಂಕ್ರೀಟನ್ನು ನೆಲವೆಂದು ನಂಬುವಂತಿಲ್ಲ. ಅಲ್ಲಿಯೂ ಕಾಲು ತರಂಗ ಉದ್ದದ ತಂತಿಗಳು ಬೇಕು.

ಅರ್ಧ ತರಂಗದ ಆಂಟೆನಾವನ್ನು ತುದಿಯಿಂದ ಊಡಿಸಿದಾಗ ಅಲ್ಲಿ ರೋಧ ಸಾವಿರಾರು ಓಮ್‌ಗಳಷ್ಟಿದ್ದು ವಿದ್ಯುತ್ ಪ್ರವಾಹ ಅಲ್ಪವಾಗಿರುತ್ತದೆ. ಆದ್ದರಿಂದ ನೆಲದ ತಂತಿಗಳ ಹಂಗು ಕಡಿಮೆ. ಹೊಂದಾಣಿಕೆಯ ಮಂಡಲ ಮಾತ್ರ ಅನಿವಾರ್ಯ. ಅಂಗ್ಲ ಅಕ್ಷರ ‘ಜೆ’ಯ ಆಕಾರದ ಆಂಟೆನಾದಲ್ಲಿ ಈ ಕೆಲಸವನ್ನು ಬುಡದ ಕಾಲು ತರಂಗದ ಭಾಗವೇ ಮಾಡುತ್ತದೆ. 145 ಮೆಗಾಹರ್ಟ್ಸ್‌ಗೆ ಅದರ ಒಟ್ಟು ಎತ್ತರ ಸುಮಾರು ಒಂದೂವರೆ ಮೀಟರ್ ಆಗುವುದರಿಂದ ಬಾಲ್ಕನಿಯಲ್ಲಿಯೂ ನಿಲ್ಲಿಸಬಹುದು.

ತರಂಗಾಂತರದ ಎಂಟನೇ ಐದರಷ್ಟು ಎತ್ತರದ ಆಂಟೆನಾ, ಆದರ್ಶ ನೆಲದ ಮೇಲೆ ಕಾಲು ತರಂಗದ್ದಕ್ಕಿಂತ ದಿಗಂತದ ಕಡೆಗೆ ಸುಮಾರು 3 ಡೆಸಿಬೆಲ್ ಹೆಚ್ಚು ಬಲವನ್ನು ಕೊಡುತ್ತದೆ. ವಾಸ್ತವದಲ್ಲಿ ಅಷ್ಟು ಲಾಭ ದೊರೆಯುವುದು ಅಪರೂಪ.

7 ಮೆಗಾಹರ್ಟ್ಸ್‌ಗೆಂದು ಸುರುಳಿ ಸೇರಿಸಿದ ಎರಡೂವರೆ ಮೀಟರ್‌ನ ಗಿಡ್ಡ ಕಂಬ ಜಾಗ ಉಳಿಸುತ್ತದೆ, ನಿಜ. ಬುಡದಲ್ಲಿ ಸುರುಳಿಯಿದ್ದರೆ ಅದರ ವಿಕಿರಣ ರೋಧ ಸುಮಾರು ಒಂದೂವರೆ ಓಮ್ ಮಾತ್ರ. ಸುರುಳಿ ಮತ್ತು ನೆಲದ ನಷ್ಟರೋಧ ಹದಿಮೂರೂವರೆ ಓಮ್ ಆದರೆ, 100 ವಾಟ್‌ಗಳಲ್ಲಿ ಆಕಾಶಕ್ಕೇರುವುದು 10 ವಾಟ್ ಅಷ್ಟೆ.

ಯಾವುದನ್ನೇ ನಿಲ್ಲಿಸಿದರೂ, ಕಂಬ ಉರುಳಿದರೆ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಪ್ರಸಾರ ಆರಂಭಿಸುವ ಮೊದಲು ಕೇಂದ್ರ ಸರ್ಕಾರದ ಪರವಾನಗಿ ಪಡೆದಿರಬೇಕು.