ಹೊಗೆಗೂಡಿನ ಹುಡುಗ: ಎರಡು ಪದ್ಯಗಳ ಪಾಠ

ಈ ಸಲ ನಾನು ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್ ಬರೆದ ಎರಡು ಪದ್ಯಗಳ ಬಗ್ಗೆ ಬರೆದಿದ್ದೇನೆ. ಎರಡಕ್ಕೂ ಹೆಸರು ಒಂದೇ. ಕನ್ನಡದಲ್ಲಿ ‘ಹೊಗೆಗೂಡು ಗುಡಿಸುವವನು’ ಎನ್ನಬಹುದು. ನಮ್ಮ ಮೇಷ್ಟ್ರು ಅರ್ಥ ಹೇಳಿಕೊಟ್ಟರು. ತಪ್ಪಿದ್ದರೆ ತಿದ್ದಬೇಕು.

ಕವಿ ಪರಿಚಯ: ಬ್ಲೇಕ್ 1757ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. 1827ರಲ್ಲಿ ತೀರಿಕೊಂಡರು. ಚಿತ್ರ ಕೊರೆದು ಅಚ್ಚು ಹಾಕುವುದು ಅವರ ಕಸುಬು. ಮೊದಲ ಪದ್ಯ 1789ರಲ್ಲಿ, ಎರಡನೆಯದು 1794ರಲ್ಲಿ ಬಂತು. ಇಂಥವರನ್ನು ರಮ್ಯ ಕವಿಗಳು ಅನ್ನುತ್ತಾರೆ. ಬಿ.ಎಂ.ಶ್ರೀ.ಯವರು 1926ರ ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಆ ಕಾಲದ ಹಲವು ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದರು.

ಹಿನ್ನೆಲೆ: ಲಂಡನ್ನಿನಲ್ಲಿ ಚಳಿಗೆ ಮನೆಯೊಳಗೆ ಕಲ್ಲಿದ್ದಲು ಉರಿಸುತ್ತಿದ್ದರು. ಹೊಗೆಗೂಡು ಬಹಳ ಕಿರಿದು. ದೊಡ್ಡವರು ಹತ್ತೋಕಾಗಲ್ಲ. ಆದ್ದರಿಂದ ಐದಾರು ವರ್ಷದ ಮಕ್ಕಳನ್ನು ಹತ್ತಿಸಿ ಮಸಿ ಕೆರೆಸುತ್ತಿದ್ದರು. ಎಂಟು ವರ್ಷ ತುಂಬದವರನ್ನು ಇಟ್ಟುಕೊಳ್ಳಬಾರದು ಎಂದು 1788ರಲ್ಲೇ ಕಾನೂನು ಬಂದಿತ್ತು. ಯಾರೂ ಸರಿಯಾಗಿ ಪಾಲಿಸಲಿಲ್ಲ. ಈ ಪದ್ಧತಿ ನಿಂತದ್ದು 1875ರ ಕಾನೂನಿನ ನಂತರ.

ಸಾರಾಂಶ: ಮೊದಲ ಪದ್ಯದಲ್ಲಿ ತಾಯಿ ಸತ್ತ ಹುಡುಗನನ್ನು ತಂದೆ ಮಾರಿಬಿಡುತ್ತಾನೆ. ಆಗ ಅವನು ಎಷ್ಟು ಚಿಕ್ಕವನೆಂದರೆ, ಗುಡಿಸ್ತೀನಿ ಎಂದು ಬೀದಿಯಲ್ಲಿ ಕೂಗಲು ನಾಲಿಗೆ ತಿರುಗದು. ಅವನ ಮುದ್ದು ಮಾತು ಇಂಗ್ಲಿಷಿನಲ್ಲಿ ‘ಅಳು’ ಎಂದೇ ಕೇಳಿಸುತ್ತದೆ. ಅವನ ಜೊತೆಗಾರ ಟಾಮನ ಕನಸಿನಲ್ಲಿ ದೇವದೂತ ಬಂದು, ಕಪ್ಪು ಶವಪೆಟ್ಟಿಗೆಗಳಲ್ಲಿದ್ದ ಮಕ್ಕಳನ್ನೆಲ್ಲ ಬಿಡಿಸುತ್ತಾನೆ. ಮಕ್ಕಳು ನದಿಯಲ್ಲಿ ಮೈ ತೊಳೆದು ಆಡುತ್ತಾರೆ. ಬೆಳಗಾದರೆ ಮತ್ತೆ ಅದೇ ಕೆಲಸ. ಕರ್ತವ್ಯ ಮಾಡಿದರೆ ಏನೂ ಕೆಡುಕಾಗದು ಎಂದು ಹುಡುಗ ಸಮಾಧಾನ ಹೇಳುತ್ತಾನೆ.

ನಾನು ಕೇಳಿದೆ, “ಸಾರ್, ಹಾಗಾದ್ರೆ ಮಕ್ಕಳು ಕೆಲಸ ಮಾಡೋದು ಸರಿ ಅಂತಾರಾ ಕವಿ?” ಮೇಷ್ಟ್ರು, “ಆ ಮಾತು ಯಾರ ಬಾಯಲ್ಲಿದೆ ನೋಡಮ್ಮ” ಅಂದರು. ನೋಡಿದೆ. ಅದು ಹುಡುಗನ ಬಾಯಲ್ಲಿದೆ. ದೊಡ್ಡವರು ಕಲಿಸಿದ್ದನ್ನು ಅವನು ನಂಬಿದ್ದಾನೆ. ಅದನ್ನು ಕೇಳಿ ನಮಗೆ ಸಂಕಟವಾಗಲಿ ಎಂದೇ ಕವಿ ಹಾಗೆ ಬರೆದಿದ್ದಾರೆ.

ಎರಡನೇ ಪದ್ಯದ ಹುಡುಗನಿಗೆ ಇದೆಲ್ಲ ಅರ್ಥವಾಗಿದೆ. ಅವನು ಹಿಮದಲ್ಲಿ ನಿಂತು ಅಳುತ್ತಿದ್ದಾನೆ. ತಂದೆ ತಾಯಿ ಪ್ರಾರ್ಥನೆಗೆ ಹೋಗಿದ್ದಾರೆ. ತಾನು ಕುಣಿದು ಹಾಡುವುದರಿಂದ ತನಗೇನೂ ಅನ್ಯಾಯ ಮಾಡಿಲ್ಲ ಎಂದು ಅವರು ತಿಳಿದಿದ್ದಾರೆ ಎನ್ನುತ್ತಾನೆ. ಈ ಸಾಲಿಗೆ ಬಂದಾಗ ನನಗೆ ಒಂದು ವಿಷಯ ನೆನಪಾಯಿತು.

ಹೋದ ತಿಂಗಳು ಅಪ್ಪನ ಜೊತೆ ಕೆ.ಆರ್.ಪುರಂನಿಂದ ಬಸ್ಸಲ್ಲಿ ಶಿವಾಜಿನಗರಕ್ಕೆ ಹೋಗಿದ್ದೆ. ಅಲ್ಲಿ ಒಂದು ಟೀ ಅಂಗಡಿಯಲ್ಲಿ, ಐದನೇ ಕ್ಲಾಸಿನವರೆಗೂ ನಮ್ಮ ಜೊತೆ ಓದಿದವನು ಲೋಟ ತೊಳೀತಿದ್ದ. ಹೆಸರು ಬರೆಯುವುದಿಲ್ಲ, ನಿಮಗೆಲ್ಲ ಗೊತ್ತು. “ಚೆನ್ನಾಗಿದೀಯೇನೋ?” ಅಂದೆ. “ಓ ಚೆನ್ನಾಗಿದೀನಿ, ದಿನಾ ಬನ್ನು ಕೊಡ್ತಾರೆ” ಅಂತ ನಕ್ಕ. “ಖುಷಿಯಾಗವ್ನೆ ಬಿಡು” ಅಂದರು ಅಪ್ಪ. ನಾನೂ ಹೂಂ ಅಂದೆ. ಅವನ ಬೆರಳುಗಳು ನೀರಲ್ಲಿ ನೆನೆದು ಬಿಳಿಚಿಕೊಂಡಿದ್ದವು. ಅದನ್ನು ನೋಡಿಯೂ ಹೂಂ ಅಂದೆ. ಎರಡನೇ ಪದ್ಯದ ದೊಡ್ಡವರ ಹಾಗೆಯೇ ನಾನೂ ಮಾಡಿದೆ.

ನಮ್ಮ ದೇಶದಲ್ಲಿ 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. 2006ರಲ್ಲಿ ಹೋಟೆಲು, ಟೀ ಅಂಗಡಿ, ಮನೆಗೆಲಸಗಳೂ ಅದರಲ್ಲಿ ಸೇರಿದವು. 2016ರ ತಿದ್ದುಪಡಿಯಿಂದ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು. ಮಕ್ಕಳ ಸಹಾಯವಾಣಿ 1098. ಆದರೆ ಲಂಡನ್ನಿನಲ್ಲಿ ಆದ ಹಾಗೆ, ನೋಡಿದವರು ಸುಮ್ಮನಿದ್ದರೆ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ.

ನಾನು ಮೇಷ್ಟ್ರಿಗೆ ಎಲ್ಲ ಹೇಳಿದ್ದೇನೆ. ಭಾನುವಾರ ಅವನ ಮನೆಗೆ ಹೋಗಿ ಅವರಮ್ಮನ ಹತ್ತಿರ ಮಾತಾಡುತ್ತೇನೆ ಅಂದಿದ್ದಾರೆ.

ಯೋಚಿಸಿ ಉತ್ತರಿಸಿ:
1. ಎರಡು ಪದ್ಯಗಳ ಹುಡುಗರಲ್ಲಿ ಯಾರು ಹೆಚ್ಚು ದುಃಖಿ? ಯಾಕೆ?
2. ನಗುವವರೆಲ್ಲ ಸುಖವಾಗಿದ್ದಾರೆಯೇ?
3. ನಮ್ಮ ಗೆಳೆಯ ಶಾಲೆಗೆ ವಾಪಸ್ ಬಂದರೆ ಅವನ ಪಕ್ಕ ಯಾರು ಕೂರುತ್ತೀರಿ?

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ