ಕ್ರಿಸ್‌ಮಸ್ ನಕ್ಷತ್ರದ ಅಸಲು ಲೆಕ್ಕ

ಮಾನ್ವಿ ತಾಲ್ಲೂಕಿನ ಕುರ್ಡಿಯಂತಹ ಊರಿನಲ್ಲಿ ಬಿದಿರುಕಡ್ಡಿ, ಬಣ್ಣದ ಕಾಗದಗಳಿಂದ ಕ್ರಿಸ್‌ಮಸ್ ನಕ್ಷತ್ರಗಳನ್ನು ಮನೆಯಲ್ಲಿಯೇ ತಯಾರಿಸಲು ದೊಡ್ಡ ಬಂಡವಾಳ ಬೇಕಿಲ್ಲ. ಗೃಹೋದ್ಯಮಿಗಳು ಸಾಮಾನ್ಯವಾಗಿ ಎಡವುವುದು ಬೆಲೆ ಕಟ್ಟುವಲ್ಲಿ.

ಉದಾಹರಣೆಗೆ, ಒಂದು ನಕ್ಷತ್ರಕ್ಕೆ ಸಾಮಗ್ರಿ 40 ರೂ., ಒಂದೂವರೆ ಗಂಟೆಯ ಮಜೂರಿ 75 ರೂ., ಸಾಗಣೆ 10 ರೂ. ಎಂದಿಟ್ಟುಕೊಂಡರೆ ಅಸಲು 125 ರೂ. ಆಗುತ್ತದೆ. ಮನೆಯವರೇ ದುಡಿದರೂ ಮಜೂರಿಯನ್ನು ಲೆಕ್ಕದಿಂದ ಬಿಡಲಾಗದು. ರಾಯಚೂರಿನ ಅಂಗಡಿಯವರು ಶೇ. 20 ಕಮಿಷನ್ ಕೇಳಿದರೆಂದು ಅಸಲಿಗೆ ಶೇ. 20 ಸೇರಿಸಿ 150 ರೂ. ಬೆಲೆ ಇಡುವುದುಂಟು. ಆದರೆ ಕಮಿಷನ್ ಮುರಿದುಕೊಳ್ಳುವುದು ಮಾರಾಟ ಬೆಲೆಯ ಮೇಲೆ. 30 ರೂ. ಹೋಗಿ ಕೈಗೆ ಬರುವುದು 120 ರೂ.; ನಕ್ಷತ್ರವೊಂದಕ್ಕೆ 5 ರೂ. ನಷ್ಟ. 175 ರೂ.ಗೆ ಮಾರಿದರೆ ಮಾತ್ರ 15 ರೂ. ಲಾಭ.

ಅದೂ ಎಲ್ಲ ಸರಕು ಖರ್ಚಾದರೆ. ನೂರರಲ್ಲಿ ಹತ್ತು ನಕ್ಷತ್ರಗಳು ಉಳಿದರೆ 1,500 ರೂ. ಲಾಭ 100 ರೂ.ಗೆ ಇಳಿಯುತ್ತದೆ, ಡಿಸೆಂಬರ್ 25 ಕಳೆದ ಮೇಲೆ ಅವನ್ನು ಕೇಳುವವರು ವಿರಳ.

ಚನ್ನಪಟ್ಟಣದ ಕುಶಲಕರ್ಮಿಗಳು ಅರಗುಬಣ್ಣದ ಮರದ ಕ್ರಿಸ್‌ಮಸ್ ಅಲಂಕಾರಗಳನ್ನು ಮಾಡುತ್ತಾರಾದರೂ ಒಂದೇ ಹಬ್ಬವನ್ನು ನೆಚ್ಚಿಕೊಂಡಿಲ್ಲ. ಆಟಿಕೆಗಳೇ ಅವರ ಮುಖ್ಯ ಕಸುಬು. ಬಿದಿರಿನ ಕೆಲಸಕ್ಕೂ ಆ ಅನುಕೂಲವಿದೆ: ದೀಪಾವಳಿಗೆ ಆಕಾಶಬುಟ್ಟಿ, ಡಿಸೆಂಬರಿಗೆ ನಕ್ಷತ್ರ. ಕಡ್ಡಿಗಳನ್ನು ಮೊದಲೇ ಸೀಳಿಟ್ಟುಕೊಂಡು, ಕಾಗದವನ್ನು ಬೇಡಿಕೆ ಬಂದ ಮೇಲೆಯೇ ಕತ್ತರಿಸುವುದು ಲೇಸು.